ಅತ್ತೆ ನೋಡದೆ ಬಂದ ಆನೆ

ಬಸುರಿಯ ಬಯಕೆ ಎಂದರೆ ನಮ್ಮ ಅತ್ತೆಯ ಮನೆಯಲ್ಲಿ ತಮಾಷೆಯ ಮಾತಾಗಿರಲಿಲ್ಲ. ಕೇಳಿದ್ದನ್ನು ತಂದುಕೊಡಬೇಕು, ಅವಳು ಬಾಯಿಗಿಡುವ ಮುಂಚೆ ಯಾರೂ ಅದರ ರುಚಿ ನೋಡಬಾರದು, ನೋಡಿದರೆ ಎಂಜಲು. ಐವತ್ತರ ದಶಕದ ಮೊದಲ ವರ್ಷಗಳು. ನಾನು ಸಂತೆಮರಹಳ್ಳಿಯಿಂದ ಬೇಗೂರಿಗೆ ಸೊಸೆಯಾಗಿ ಬಂದು ಎರಡನೇ ಬೇಸಿಗೆ, ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಏನು ಬೇಕು ಎಂದು ಅತ್ತೆ ಕೇಳಿದಾಗ ಮಾವಿನಕಾಯಿ, ಹುಣಸೆಕಾಯಿ ಎನ್ನಬೇಕಿತ್ತು. ಬಂಡೀಪುರದ ಕಾಡಿನಲ್ಲಿ ಆನೆ ನೋಡಬೇಕು ಅಂದುಬಿಟ್ಟೆ. ಊಟಿ ಬಸ್ಸು ದಿನಾ ನಮ್ಮ ಮನೆ ಮುಂದೆಯೇ ಆ ಕಡೆಗೆ ಹೋಗುತ್ತಿತ್ತು. ಆಸೆ ಹುಟ್ಟಿಸಿದ್ದು ಅದೇ.

ನನ್ನ ಗಂಡ ನಕ್ಕರು. ಅತ್ತೆ ನಗಲಿಲ್ಲ. ಪರಿಚಯದ ಫಾರೆಸ್ಟ್ ಗಾರ್ಡ್ ಒಬ್ಬನಿಗೆ ಬಸ್ ಕಂಡಕ್ಟರ್ ಮೂಲಕ ಹೇಳಿ ಕಳಿಸಿದರು. ಬರುವುದಾದರೆ ಉರಿಬೇಸಿಗೆಯಲ್ಲೇ ಬನ್ನಿ ಎಂದು ಅವನ ಉತ್ತರ ಬಂತು. ಆಗ ಎಲೆಯೆಲ್ಲ ಉದುರಿ ಕಾಡು ಬಟ್ಟಬಯಲಾಗಿರುತ್ತದೆ, ನೀರಿರುವುದು ಒಂದೇ ಕೆರೆಯಲ್ಲಿ, ಆನೆ ಅಲ್ಲಿಗೆ ಬರಲೇಬೇಕು. ಆದರೆ ನೆರಳು ಕಡಿಮೆ, ಕುಡಿಯುವ ನೀರನ್ನು ನೀವೇ ತರಬೇಕು ಎಂದಿದ್ದ.

ಸೋರೆಬುರುಡೆಗೆ ಮಜ್ಜಿಗೆ, ಹೂಜಿಗೆ ಸುತ್ತಲು ಒದ್ದೆ ಗೋಣಿತಾಟು, ಹುರಿಹಿಟ್ಟಿಗೆ ಬೆಲ್ಲ ಎಂದು ಅತ್ತೆ ಬೆರಳು ಮಡಚಿ ಎಣಿಸಿದರು. ಬಿಸಿಲು ಹೊಡೆಯದಿರಲೆಂದು ನನ್ನ ಸೊಂಟಕ್ಕೆ ಸಿಕ್ಕಿಸಲು ಎರಡು ಈರುಳ್ಳಿ ಎತ್ತಿಟ್ಟರು. ಕೈತುಂಬ ಇದ್ದ ನನ್ನ ಹಸಿರು ಬಳೆಗಳ ಸದ್ದಿಗೆ ಆನೆ ಓಡಿಹೋದೀತೆಂದು ಹಳೇ ಸೀರೆ ಹರಿದು ಪಟ್ಟಿ ಸುತ್ತಿ ನೋಡಿದರು. ಕೈ ಮುರಿದುಕೊಂಡವಳ ಹಾಗೆ ಕಾಣುತ್ತೀಯ ಎಂದು ಗಂಡ ಛೇಡಿಸಿದರು.

ಹೊರಡುವ ಹಿಂದಿನ ದಿನ ಸೂಲಗಿತ್ತಿ ಬಂದು ನನ್ನ ಪಾದ ಒತ್ತಿ ನೋಡಿದಳು. ಬೆರಳಿಟ್ಟಲ್ಲಿ ಗುಳಿ ಬಿತ್ತು. ಬಸ್ಸೂ ಬೇಡ, ಬಿಸಿಲೂ ಬೇಡ ಎಂದುಬಿಟ್ಟಳು.

ನಾನು ಅತ್ತದ್ದಕ್ಕಿಂತ ಸಿಟ್ಟಾದದ್ದೇ ಹೆಚ್ಚು. ಮಾರನೆಯ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ, ಅದೇ ಬುರುಡೆ, ಅದೇ ಬುತ್ತಿ ಹಿಡಿದು ಮಗನ ಜೊತೆ ಬಸ್ಸು ಹತ್ತಿದಾಗ ಆ ಸಿಟ್ಟು ನೆತ್ತಿಗೇರಿತು. "ಮುಂದ್ಲ ಬೇಸ್ಗೆಗೆ ನಿನ್ನ ಕರ್ಕಂಡೋಗ್ಬೇಕಲ್ಲ, ದಾರಿ ನೋಡ್ಕಂಡ್ ಬತ್ತೀನಿ ಕಣಮ್ಮಿ" ಅಂದಿದ್ದರು. ನಾನು ನಂಬಲಿಲ್ಲ. ನನ್ನ ಬಯಕೆಯನ್ನು ತಾವು ತೀರಿಸಿಕೊಳ್ಳಲು ಹೊರಟಿದ್ದಾರೆ ಅಂದುಕೊಂಡೆ. ನೆರೆಮನೆಯಾಕೆ ಊಟಕ್ಕಿಟ್ಟರೆ ತಟ್ಟೆ ದೂಡಿದೆ.

ಸಂಜೆ ಬಸ್ಸಿಳಿದು ಬಂದವರ ಸೀರೆಯೆಲ್ಲ ಕೆಂಪು ಧೂಳು. ಆನೆ ಕಂಡಿತೇ ಎಂದು ಬಿರುಸಾಗಿಯೇ ಕೇಳಿದೆ. ಕೆರೆಯ ಪಕ್ಕ ಒಂದು ನೇರಳೆ ಮರವಿದೆ, ಕೂಸು ಮಲಗಿಸುವಷ್ಟು ನೆರಳಿದೆ, ಬಸ್ಸಿಳಿದ ಮೇಲೆ ನಡಿಗೆ ಜಾಸ್ತಿ, ಒಂದು ಬುರುಡೆ ಮಜ್ಜಿಗೆ ಏನೇನೂ ಸಾಲದು ಎಂದೆಲ್ಲ ಅತ್ತೆ ಹೇಳಿದರು. ಆನೆಯ ಮಾತೇ ಇಲ್ಲ. ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಗಂಡ ನಡೆದದ್ದನ್ನು ಹೇಳಿದರು. ಮರಿಯೂ ಸೇರಿ ಏಳು ಆನೆ ಬಂದಿದ್ದವು. ಗಾರ್ಡ್ ಕೈ ತೋರಿಸಿದ್ದೇ ತಡ, ಅತ್ತೆ ಕೆರೆಗೆ ಬೆನ್ನು ಹಾಕಿ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತುಬಿಟ್ಟರಂತೆ. ಎಷ್ಟು ಕರೆದರೂ ತಿರುಗಲಿಲ್ಲವಂತೆ.

ಹಿತ್ತಲಿಗೆ ಹೋಗಿ ಯಾಕೆ ಹೀಗೆ ಮಾಡಿದಿರಿ ಎಂದೆ.

"ಬಸುರಿ ಬಯ್ಸಿದ್ದು ಕಣಮ್ಮಿ. ನೀ ನೋಡಕ್ ಮುಂಚೆ ನಾ ನೋಡುದ್ರೆ ಎಂಜ್ಲಾಯ್ತದೆ" ಅಂದರು, ಕಾಲು ಉಜ್ಜುತ್ತಲೇ.

ತಂಬಿಗೆ ಕಿತ್ತುಕೊಂಡು ಅವರ ಕಾಲಿಗೆ ನಾನೇ ನೀರು ಹಾಕಿದೆ. ಆವತ್ತಿನ ನನ್ನ ಸಿಟ್ಟಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೆತ್ತವಳು ಕೂಡ ಅಷ್ಟು ಮಾಡುತ್ತಿದ್ದಳೋ ಇಲ್ಲವೋ ಕಾಣೆ.

ಮುಂದಿನ ಬೇಸಿಗೆ ಹೋದೆವು. ಮೂರು ಬುರುಡೆ ಮಜ್ಜಿಗೆ, ಈರುಳ್ಳಿ, ಜೊತೆಗೆ ಮಗಳು. ಅತ್ತೆ ನೇರಳೆಯ ಬುಡದಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬಿಸಿಲಿಗೆ ನೆಲ ಹೆಂಚಿನ ಹಾಗೆ ಕಾದಿತ್ತು. ಮಧ್ಯಾಹ್ನ ಕಳೆದ ಮೇಲೆ ಒಣಬಿದಿರು ಲಟಲಟ ಎಂದಿತು. ಅತ್ತೆ ತಕ್ಷಣ ಆ ಕಡೆಗೆ ಬೆನ್ನು ಮಾಡಿದರು. ಒಂದು ಆನೆ ನೀರಿಗಿಳಿಯಿತು, ಅದರ ಹಿಂದೆ ಇನ್ನೊಂದು. ನಾನು ನೋಡಿದ್ದು ಒಂದು ಗಳಿಗೆ ಅಷ್ಟೇ. ಆಮೇಲೆ ಅತ್ತೆಯ ಗಲ್ಲ ಹಿಡಿದು ಕೆರೆಯ ಕಡೆ ತಿರುಗಿಸಿ, ಅವರ ಮುಖವನ್ನೇ ನೋಡುತ್ತ ಕೂತೆ.