ತೂಗಬಾರದ ತೊಟ್ಟಿಲು

ಕಲಘಟಗಿಯ ಬಾಷಾಸಾಬ ತೊಟ್ಟಿಲಿಗೆ ಬಣ್ಣ ಬರೆಯುವವನು. ನನ್ನ ಚಹಾದಂಗಡಿಯ ಎದುರಿಗೇ ಅವನ ಮನೆ. ಗಿಳಿ, ನವಿಲು, ಬಾಲಕೃಷ್ಣ, ಗಿರಾಕಿ ಕೇಳಿದ್ದನ್ನೆಲ್ಲ ಬರೆಯುತ್ತಾನೆ. ಒಂದು ಮಾತನ್ನು ಮಾತ್ರ ಪ್ರತಿಯೊಬ್ಬರಿಗೂ ಹೇಳಿಯೇ ಕಳಿಸುತ್ತಾನೆ: "ಖಾಲಿ ತೊಟ್ಟಿಲಾ ತೂಗಬ್ಯಾಡ್ರಿ, ಕೂಸಿಗೆ ಒಳ್ಳೇದಲ್ಲ." ನಾನು ಇಂಥದ್ದನ್ನು ನಂಬುವವನಲ್ಲ. ಆದರೆ ನಗುವುದನ್ನು ಹೋದ ವರ್ಷ ಬಿಟ್ಟೆ.

ಹೋದ ವರ್ಷ ಅವನ ಮಗಳು ಶಬನಮ್ ಏಳು ತಿಂಗಳಿಗೇ ಹೆತ್ತಳು. ದವಾಖಾನೆಯಲ್ಲಿ ಕೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಇತ್ತು, ಕೆಟ್ಟು ಮೂಲೆ ಸೇರಿತ್ತು. ರಿಪೇರಿಗೆ ಅನುದಾನ ಬಂದಿಲ್ಲ, ಹುಬ್ಬಳ್ಳಿಗೆ ಒಯ್ಯಿರಿ ಎಂದರು. ತಗ್ಗುದಿನ್ನೆಯ ಆ ರಸ್ತೆಯಲ್ಲಿ, ಹುಬ್ಬಳ್ಳಿ ಮುಟ್ಟುವ ಮೊದಲೇ, ಅಜ್ಜನ ತೊಡೆಯ ಮೇಲೆ ಕೂಸು ತಣ್ಣಗಾಯಿತು. ಅದಕ್ಕೆಂದೇ ಬರೆದಿದ್ದ ತೊಟ್ಟಿಲನ್ನು ಬಾಷಾಸಾಬ ಅಟ್ಟಕ್ಕೇರಿಸಿದ.

ಅದೇ ವಾರ ನನ್ನ ಅಂಗಡಿಯ ಟಿವಿಯಲ್ಲಿ ಒಂದೇ ಸುದ್ದಿ. ಜಗತ್ತಿನ ದೇಶಗಳೆಲ್ಲ ಪೈಪೋಟಿಗೆ ಬಿದ್ದು ಯುದ್ಧದ ಸಾಮಾನು ಕೊಳ್ಳುತ್ತಿವೆ. ಅವರು ಕೊಂಡರೆಂದು ಇವರು, ಇವರು ಕೊಂಡರೆಂದು ಅವರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮೊಬ್ಬರದಲ್ಲ, ಇಡೀ ಭೂಮಂಡಲದ್ದು. ಬಾಂಬಿಗೆ ಅನುದಾನ ಬಂದಿಲ್ಲ ಎಂದು ಯಾವ ದೇಶದ ಸಾಹೇಬನೂ ಹೇಳಿದ್ದನ್ನು ನಾನು ಕೇಳಿಲ್ಲ.

ಬಾಷಾಸಾಬ ಚಹಾದ ಬಸಿ ಕೆಳಗಿಟ್ಟ. "ಬಾಜೂ ಮನಿಯವರಿಗೆ ಅಂಜಿ ಎಲ್ಲಾರೂ ಬಾಗಲಕ್ಕ ದೊಡ್ಡ ದೊಡ್ಡ ಕೀಲಿ ಹಾಕಾಕತ್ತಾರ. ಕೀಲಿ ಬ್ಯಾಡ ಅನ್ನಂಗಿಲ್ಲ ನಾ. ಒಳಗಿನ ಮಂದಿ ಬದಕ್ಯಾರೋ ಇಲ್ಲೋ ಒಮ್ಮೆ ನೋಡಬೇಕಲ್ಲ?"

ಈ ವರ್ಷ ಶಬನಮ್ ಮತ್ತೆ ಬಸುರಿಯಾದಳು. ಆಗಲೇ ಬಂದ ಹೇಮಂತ, ಊರಿನ ಮೆರವಣಿಗೆಗಳನ್ನೆಲ್ಲ ನಡೆಸುವವನು. ದೇಶ ಹೊಸ ಕ್ಷಿಪಣಿ ಕೊಂಡ ಸಂಭ್ರಮಕ್ಕೆ ಥರ್ಮಾಕೋಲಿನದೊಂದು ಕ್ಷಿಪಣಿ ಮಾಡಿಸಿದ್ದ. ಅದನ್ನು ತೊಟ್ಟಿಲಲ್ಲಿ ಮಲಗಿಸಿ, ಟ್ರ್ಯಾಕ್ಟರಿನ ಮೇಲೆ ಮೆರೆಸಿ, ತೂಗಿ ಹೆಸರಿಡಬೇಕಂತೆ. ಸಿದ್ಧವಿದ್ದದ್ದು ಅಟ್ಟದ ಮೇಲಿನ ತೊಟ್ಟಿಲೊಂದೇ.

"ದೇಶದ ಕೂಸು ಕಾಕಾ ಅದು. ಇಲ್ಲ ಅಂತೀರೇನು?"

ಬಾಷಾಸಾಬ ಇಲ್ಲ ಎಂದರೆ ಊರು ಏನನ್ನುತ್ತದೆ ಎಂಬುದು ಹೇಮಂತನಿಗೂ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಒಯ್ಯಪಾ. ಆದ್ರ ತೂಗಬ್ಯಾಡ್ರಿ. ಮನ್ಯಾಗ ಬಸುರಿ ಅದಾಳ."

"ಖಾಲಿ ಎಲ್ಲಿರತೈತಿ ಕಾಕಾ? ಕ್ಷಿಪಣಿ ಇರತೈತಲ್ಲ."

"ಕೂಸಿಲ್ಲದ್ದು ಖಾಲೀನ."

ಹೇಮಂತ ನಕ್ಕು ಒಪ್ಪಿದ. ಮಾತಿಗೂ ತಪ್ಪಲಿಲ್ಲ, ಮೆರವಣಿಗೆಯಲ್ಲಿ ಯಾರೂ ಹಗ್ಗ ಮುಟ್ಟಲಿಲ್ಲ. ಆದರೆ ಟ್ರ್ಯಾಕ್ಟರ್ ಹುಬ್ಬಳ್ಳಿ ರಸ್ತೆಗೆ ಬಿದ್ದದ್ದೇ ತಡ, ತಗ್ಗುಗಳೇ ತೊಟ್ಟಿಲು ತೂಗತೊಡಗಿದವು. ಬಾಷಾಸಾಬ ಓಡಿಹೋಗಿ ಮೇಲೆ ಹತ್ತಿದ. ತೊಟ್ಟಿಲಿನ ಅಂಚನ್ನು ಎರಡೂ ಕೈಯಿಂದ ಬಿಗಿಹಿಡಿದು ಕೊನೆಯವರೆಗೂ ನಿಂತ. ಜನ ಚಪ್ಪಾಳೆ ತಟ್ಟಿದರು, ಯಾರೋ ಫೋಟೋ ಹೊಡೆದರು.

ಮರುದಿನ ಎಲ್ಲರ ಮೊಬೈಲಿನಲ್ಲೂ ಅದೇ ಫೋಟೋ: 'ಕ್ಷಿಪಣಿಯ ತೊಟ್ಟಿಲು ತೂಗಿ ಸಂಭ್ರಮಿಸಿದ ಬಾಷಾಸಾಬ'. ಶಬನಮ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ಅಬ್ಬಾ, ನೀವ ತೂಗಿದ್ರೇನು?"

"ಇಲ್ಲ ಬೇಟಾ. ತೂಗಬಾರದಂತ ಹಿಡಕೊಂಡಿದ್ದೆ."

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಿನ್ನೆ ಅವಳಿಗೆ ಏಳನೇ ತಿಂಗಳು ಶುರುವಾಯಿತು. ದವಾಖಾನೆಯ ಗಾಜಿನ ಪೆಟ್ಟಿಗೆ ಇನ್ನೂ ಮೂಲೆಯಲ್ಲೇ ಇದೆ.