ಸಾವು ಬರೆದ ದಿನ ಬೇರೇನೂ ಬರೆಯುವಂತಿಲ್ಲ

ನಮ್ಮೂರಿನ ಪಂಚಾಯಿತಿ ಲೈಬ್ರರಿಯನ್ನು ನಾನು ಬಹಳ ವರ್ಷ ನೋಡಿಕೊಂಡೆ. ನೋಡಿಕೊಂಡೆ ಅನ್ನುವುದು ದೊಡ್ಡ ಮಾತೇ ಆಯಿತು. ಹಳೆ ಚಾವಡಿಯ ಒಂದು ಕೋಣೆ, ಎರಡು ಬೆಂಚು, ಮೂರು ಬೀರು. ಅದರಲ್ಲಿ ಒಂದು ಬೀರುವಿನ ಕೀಲಿ ಯಾರ ಹತ್ತಿರ ಇದೆಯೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪುಸ್ತಕ ಓದಲು ಬರುವವರನ್ನು ಬೆರಳಲ್ಲಿ ಎಣಿಸಬಹುದಿತ್ತು, ಪೇಪರ್ ತಿರುವಿ ಬೀಡಿ ಸೇದಿ ಹೋಗುವವರು ಸ್ವಲ್ಪ ಹೆಚ್ಚು. ಆದರೆ ಲೈಬ್ರರಿಯ ಹೊರಗೋಡೆಗೆ ನಾನು ಹಾಕಿದ್ದ ಕರಿ ಬೋರ್ಡನ್ನು ನೋಡದೆ ಊರಿನಲ್ಲಿ ಯಾರೂ ಕೊಟ್ಟೂರು ಬಸ್ಸು ಹತ್ತುತ್ತಿರಲಿಲ್ಲ, ಹರಪನಹಳ್ಳಿ ಬಸ್ಸನ್ನೂ ಹತ್ತುತ್ತಿರಲಿಲ್ಲ.

ಬೋರ್ಡಿಗಿಂತ ಮೊದಲು ಊರಿಗೆ ಸುದ್ದಿ ಹೇಳುತ್ತಿದ್ದವನು ತಳವಾರ. ತಮಟೆ ಬಡಿದುಕೊಂಡು ಓಣಿ ಓಣಿ ತಿರುಗುತ್ತಿದ್ದ. ಒಳ್ಳೆಯವನೇ, ಆದರೆ ಒಂದು ಮಾತನ್ನು ಹಾಗೆಯೇ ಒಯ್ಯುವುದು ಅವನ ಕೈಲಾಗುತ್ತಿರಲಿಲ್ಲ. ಮೊದಲನೇ ಓಣಿಯಲ್ಲಿ ನಾಳೆ ಕರೆಂಟಿಲ್ಲ ಎಂದವನು ಮೂರನೇ ಓಣಿ ಮುಟ್ಟುವಷ್ಟರಲ್ಲಿ ವಾರವೆಲ್ಲ ಕತ್ತಲೆ ಮಾಡಿರುತ್ತಿದ್ದ. ಅವನಿಗೆ ವಯಸ್ಸಾಗಿ ಕಾಲು ಸೋತ ಮೇಲೆ ನಾನು ಶಾಲೆಯವರು ಎಸೆದಿದ್ದ ಬೋರ್ಡೊಂದನ್ನು ತಂದು, ಹಳೇ ಬ್ಯಾಟರಿ ಸೆಲ್ಲಿನ ಕರಿ ಅರೆದು, ತೊಂಡೆ ಎಲೆಯ ರಸದಲ್ಲಿ ಕಲಸಿ ಬಳಿದು ತೂಗುಹಾಕಿದೆ. ಯಾರೂ ಹೇಳಿದ ಕೆಲಸವಲ್ಲ. ಹೇಳಿದ ಕೆಲಸವಾಗಿದ್ದರೆ ಅಷ್ಟು ಶ್ರದ್ಧೆಯಿಂದ ಮಾಡುತ್ತಿದ್ದೆನೋ ಇಲ್ಲವೋ.

ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ, ದನದ ಡಾಕ್ಟರು ಯಾವತ್ತು, ಸೊಸೈಟಿಗೆ ಸೀಮೆಎಣ್ಣೆ ಬಂತೋ ಇಲ್ಲವೋ, ಹುಣ್ಣಿಮೆಗೆ ಉಚ್ಚಂಗಿದುರ್ಗದ ಬಸ್ಸು ಎಷ್ಟಕ್ಕೆ, ಇವೆಲ್ಲ ಅಲ್ಲಿರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ರಸ್ತೆಯ ಸುದ್ದಿ. ಆ ವರ್ಷಗಳಲ್ಲಿ ನಮ್ಮ ಕಡೆ ಅಗೆಯದ ರಸ್ತೆಯೇ ಇರಲಿಲ್ಲ. ಜಲ್ಲಿ ಸುರಿದು ಹೋದವರು ಆರು ತಿಂಗಳು ಪತ್ತೆ ಇಲ್ಲ. ಬಂದರೆ ಹೇಳದೆ ಕೇಳದೆ ಬೆಳಗಾಗುವುದರೊಳಗೆ ಅರ್ಧ ದಾರಿ ಕಿತ್ತುಹಾಕಿರುತ್ತಿದ್ದರು. ನಾನು ದಿನಾ ಸಂಜೆ ಸೈಕಲ್ಲು ತುಳಿದು ರೋಲರ್ ನಿಂತ ಜಾಗಕ್ಕೆ ಹೋಗಿ, ಮೇಸ್ತ್ರಿಯನ್ನು ವಿಚಾರಿಸಿ, ಗುಂಡಿಯನ್ನು ಕಣ್ಣಾರೆ ನೋಡಿ ಬಂದು ಬರೆಯುತ್ತಿದ್ದೆ. ಬರೆದದ್ದು ಒಂದು ದಿನವೂ ಸುಳ್ಳಾಗಲಿಲ್ಲ. ಚಾ ಅಂಗಡಿಯಲ್ಲಿ ವಾದ ಬಿದ್ದರೆ, "ಬೋರ್ಡಿನ್ಯಾಗ ಐತೇನು? ಇಲ್ಲಂದ್ರ ಇಲ್ಲ ಬಿಡು" ಎಂದು ಜನ ಮುಗಿಸುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎರಡು ಗೇಣು ಎತ್ತರವಾದಂತೆ ಅನಿಸುತ್ತಿತ್ತು. ಜಂಭ ಅಂದರೆ ಜಂಭವೇ.

ಒಂದು ಸಲ ಮಾತ್ರ ಜಗಳವಾಗಿತ್ತು. ಒಬ್ಬ ಮುದುಕ ತೀರಿಕೊಂಡಿದ್ದ. ಅವನ ಹೆಸರು, ಮಣ್ಣು ಮಾಡುವ ಹೊತ್ತು ಬರೆದು, ಅದರ ಕೆಳಗೇ ಮರುದಿನ ದನಗಳಿಗೆ ಸೂಜಿ ಹಾಕುತ್ತಾರೆಂದು ಬರೆದಿದ್ದೆ. ಮುದುಕನ ದೊಡ್ಡ ಮಗ ಬಂದು ಹತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೆದ. "ನಮ್ಮಪ್ಪ ಸತ್ತದ್ದೂ ಎಮ್ಮಿ ಸೂಜೀನೂ ನಿಮಗ ಒಂದ ಏನ್ರಿ?" ಎಂದ. ತಪ್ಪಾಯಿತು ಎಂದು ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಮೂಗಿನ ತುದಿಯ ಸಿಟ್ಟು ಬಿಡಬೇಕಲ್ಲ! ಅಲ್ಲೇ ಎಲ್ಲರ ಎದುರಿಗೆ ಬೋರ್ಡು ಒರೆಸಿ, ಬರೀ ಸಾವಿನ ಸುದ್ದಿಯನ್ನು ದಪ್ಪಕ್ಷರದಲ್ಲಿ ಬರೆದು, "ಇನ್ನ ಮ್ಯಾಲ ಊರಾಗ ಯಾರ ಸತ್ತರೂ ಮಣ್ಣು ಮುಗಿಯೋತನಕ ಇದರ ಮ್ಯಾಲ ಬೇರೆ ಒಂದಕ್ಷರ ಬರಿಯಾಂಗಿಲ್ಲ" ಎಂದು ಶಪಥ ಮಾಡಿದೆ. ಜನಕ್ಕೆ ಅದು ಬಹಳ ಹಿಡಿಸಿತು. ಸತ್ತವರಿಗೆ ಎಂಥ ಗೌರವ ಎಂದು ಅಕ್ಕಪಕ್ಕದ ಹಳ್ಳಿಯವರೂ ಹೊಗಳಿದರು. ಸಿಟ್ಟಿನಲ್ಲಿ ಆಡಿದ ಮಾತು ಎರಡು ವರ್ಷದಲ್ಲಿ ಊರ ಪದ್ಧತಿಯಾಯಿತು, ನಾನು ಅದರ ಪೂಜಾರಿಯಾದೆ.

ಊರಿನಿಂದ ಕೊಟ್ಟೂರಿನ ಕಡೆಗೆ ಅರ್ಧ ಗಂಟೆ ನಡೆದರೆ ಕುರಿಯವರ ಹಟ್ಟಿ. ಇಪ್ಪತ್ತು ಮನೆ ಇರಬಹುದು. ಅಲ್ಲಿಂದ ದಿನಾ ಸಂಜೆ ಒಬ್ಬ ಹುಡುಗಿ ಬಂದು ಬೋರ್ಡು ಓದಿ, ಹೋಗಿ ಹಟ್ಟಿಗೆಲ್ಲ ಹೇಳುತ್ತಿದ್ದಳು. ಹಟ್ಟಿಯಲ್ಲಿ ಸರಾಗವಾಗಿ ಓದಲು ಬರುತ್ತಿದ್ದವಳು ಅವಳೊಬ್ಬಳೇ. ಹತ್ತೊಂಬತ್ತು ವರ್ಷ. ನಡುವೆ ಕುರಿಯ ಹಿಂದೆ ಊರೂರು ಅಲೆಯಬೇಕಾಗಿ ಶಾಲೆ ಬಿಟ್ಟಿದ್ದಳು, ಮತ್ತೆ ಬಂದು ಸೇರಿದ್ದಳು. ಹತ್ತನೇ ಕ್ಲಾಸಿನಲ್ಲಿ ಎಲ್ಲ ಪಾಸಾಗಿ ಗಣಿತ ಒಂದು ಉಳಿದಿತ್ತು. ನಾನು ವಾರಕ್ಕೆ ಎರಡು ದಿನ ಮಧ್ಯಾಹ್ನ ಬೆಂಚಿನ ಮೇಲೆ ಕೂರಿಸಿ ಲೆಕ್ಕ ಹೇಳಿಕೊಡುತ್ತಿದ್ದೆ. ತಪ್ಪು ಮಾಡಿದರೆ ಅವಳೇ ನಾಲಿಗೆ ಕಚ್ಚಿಕೊಂಡು ಅಳಿಸಿ ಮತ್ತೆ ಮಾಡುತ್ತಿದ್ದಳು. ಬೈಯಲು ನನಗೆ ಅವಕಾಶವೇ ಕೊಡುತ್ತಿರಲಿಲ್ಲ.

ಆ ಬೇಸಿಗೆ ಹಟ್ಟಿಗೆ ಅಂಗನವಾಡಿ ಬರುವುದಿತ್ತು. ಟೀಚರಾಗಲು ಅದೇ ಹಟ್ಟಿಯ, ಹತ್ತನೇ ಕ್ಲಾಸು ಪಾಸಾದ ಹೆಣ್ಣುಮಗಳೇ ಬೇಕು. ಇಲ್ಲದಿದ್ದರೆ ಬೇರೆ ಊರಿನವರು ಬರುತ್ತಾರೆ. ಅವಳ ಅಪ್ಪ ಗಟ್ಟಿ ಮನುಷ್ಯ, ಆಡಿದ ಮಾತಿಗೆ ನಿಲ್ಲುವವನು. ನನ್ನ ಮುಂದೆಯೇ ಮಗಳಿಗೆ ಹೇಳಿದ್ದ: "ಈ ಸಲ ಪಾಸಾದಿ ಅಂದ್ರ ನೌಕರಿ ಮಾಡು, ನಿನ್ನ ಲಗ್ನದ ಸುದ್ದಿ ನಾನು ಎತ್ತಂಗಿಲ್ಲ. ಇಲ್ಲಂದ್ರ ನಮ್ಮಕ್ಕನ ಮನಿಗೆ ಕೊಡತೀನಿ." ಅಕ್ಕನ ಮನೆಯವರು ವರ್ಷದಲ್ಲಿ ಎಂಟು ತಿಂಗಳು ಕುರಿ ಹೊಡೆದುಕೊಂಡು ಬಯಲಲ್ಲೇ ಇರುವ ಜನ. ಅವಳು ನೆಲ ನೋಡುತ್ತ, "ಆಗ್ಲಿ ಅಪ್ಪಾ" ಅಂದಿದ್ದಳು.

ಪರೀಕ್ಷೆ ಕೊಟ್ಟೂರಿನಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಹಿಂದಿನ ದಿನ ಬೆಳಿಗ್ಗೆ ಮೇಸ್ತ್ರಿ ಬಂದು, ಹಟ್ಟಿಯ ಆಚೆ ಹಳ್ಳದ ಮೋರಿ ಒಡೆಯುತ್ತೇವೆ, ನಾಳೆಯಿಂದ ನಾಲ್ಕು ದಿನ ಆ ದಾರಿ ಬಂದ್ ಎಂದ. ಎಂಟು ಗಂಟೆಯ ಬಸ್ಸು ಊರಿಗೂ ಬರುವುದಿಲ್ಲ, ಹಟ್ಟಿಗೂ ಹೋಗುವುದಿಲ್ಲ; ಏಳೂವರೆಗೆ ದೊಡ್ಡ ರಸ್ತೆಯ ಕ್ರಾಸಿನಲ್ಲಿ ನಿಂತು ಹಾಗೇ ಹೋಗುತ್ತದೆ. ನಾನು ಆಗಲೇ ಬರೆದೆ. ಬರೆದು ಕೈ ಝಾಡಿಸಿಕೊಳ್ಳುವಾಗ ಅವಳದೇ ನೆನಪಾಯಿತು, ಸಂಜೆ ಬಂದು ಓದುತ್ತಾಳೆ ಎಂದುಕೊಂಡೆ.

ಮಧ್ಯಾಹ್ನ ಊರಿನ ಹಿರಿಯರೊಬ್ಬರು ಉಂಡು ಮಲಗಿದವರು ಏಳಲಿಲ್ಲ. ಶಾಲೆಗೆ ಜಾಗ ಕೊಟ್ಟವರು, ಎಲ್ಲರಿಗೂ ಬೇಕಾದವರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಣ್ಣು ಎಂದಾಯಿತು. ನಾನು ಬೋರ್ಡು ಒರೆಸಿದೆ. ರಸ್ತೆ, ಬಸ್ಸು, ಕ್ರಾಸು ಎಲ್ಲ ಹೋಯಿತು. ಹಿರಿಯರ ಹೆಸರು, ಮಣ್ಣಿನ ಹೊತ್ತು ಬರೆದೆ.

ಲೈಬ್ರರಿಯ ಪಕ್ಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಸಾಬರು ನನ್ನ ಓರಗೆಯವರು. ಪಂಕ್ಚರ್ ಹಾಕುತ್ತ ಇದನ್ನೆಲ್ಲ ನೋಡುತ್ತಿದ್ದವರು ಎದ್ದು ಬಂದರು.

"ಬಸ್ಸಿಂದು ಅಳಿಸಿಬಿಟ್ರಲ್ಲ ಸಾರ್. ನನ್ನ ಅಂಗಡಿ ಬಾಗಿಲ ಮ್ಯಾಲರ ಬರೀರಿ. ಬೋರ್ಡಿಗೆ ನಿಮ್ಮ ನೇಮ ಐತಿ, ನನ್ನ ಬಾಗಿಲಿಗೆ ಏನೈತಿ?"

ಬರೆಯಬಹುದಿತ್ತು. ಸೀಮೆಸುಣ್ಣ ಕೈಯಲ್ಲೇ ಇತ್ತು. ಆದರೆ ನಾನು ಏನು ಹೇಳಿದೆ ಗೊತ್ತೇ? "ಇವತ್ತು ನಿಮ್ಮ ಬಾಗಿಲ ಮ್ಯಾಲ ಬರದ್ರ ನಾಳಿ ಜನ ಎಲ್ಲಾ ಬಾಗಿಲಾ ಓದತಾರ. ಆಮ್ಯಾಲ ಬೋರ್ಡಿಗೆ ಏನು ಕಿಮ್ಮತ್ತು ಉಳೀತು?" ಸಾಬರು ಹೋಗಿ ಮತ್ತೆ ಪಂಕ್ಚರಿಗೆ ಕೂತರು. ಬೋರ್ಡಿನ ಕಿಮ್ಮತ್ತು ಎಂದೆ, ನನ್ನ ಕಿಮ್ಮತ್ತು ಎಂಬುದೇ ಅದರ ಅರ್ಥ.

ಸಂಜೆ ನಾನೂ, ಅಂಗಡಿ ಮುಚ್ಚಿ ಸಾಬರೂ ಸತ್ತವರ ಮನೆಯಲ್ಲಿದ್ದೆವು. ಭಜನೆ ನಡೆಯುತ್ತಿತ್ತು. ನಾಳೆ ಬಸ್ಸು ಕ್ರಾಸಿಗೇ ಅಂತೆ ಎಂದು ಅಲ್ಲಿದ್ದ ನಾಲ್ಕು ಜನಕ್ಕೆ ಹೇಳಿದೆ. ಹಟ್ಟಿಯವರು ಯಾರೂ ಅಲ್ಲಿರಲಿಲ್ಲ, ಅವರು ಬೆಳಿಗ್ಗೆ ಮಣ್ಣಿಗೆ ಬರುವವರು. ಹುಡುಗಿಯ ನೆನಪು ಬಾರದೇ ಇರಲಿಲ್ಲ. ಬಂತು. ಹೈಸ್ಕೂಲಿನವರನ್ನು ಹೆಡ್‌ಮಾಸ್ತರು ಟೆಂಪೊದಲ್ಲಿ ಕರೆದುಕೊಂಡು ಹೋಗುತ್ತಾರೆ, ಇವಳು ಹೊರಗಿನಿಂದ ಪರೀಕ್ಷೆಗೆ ಕಟ್ಟಿದವಳು, ಇವಳನ್ನು ಕೇಳುವವರಿಲ್ಲ ಎಂಬುದೂ ಹೊಳೆಯಿತು. ಬೆಳಿಗ್ಗೆ ಬೇಗ ಎದ್ದು ಸೈಕಲ್ಲಿನಲ್ಲಿ ಹೋಗಿ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಎದ್ದ ಕೂಡಲೇ, ಬಳ್ಳಾರಿಯ ನೆಂಟರಿಗೆ ಫೋನು ಮಾಡಬೇಕು, ನಂಬರು ಓದಿ ಹೇಳಿರಿ ಎಂದು ಸತ್ತವರ ಮನೆಯವರು ಕರೆದರು. ಹೋದೆ. ಆಮೇಲೆ ಹೂವು, ಆಮೇಲೆ ಕುಣಿ ತೋಡುವವರು. ಮರೆತೆ. ಇದಕ್ಕಿಂತ ಬೇರೆ ಮಾತು ನನ್ನಲ್ಲಿಲ್ಲ.

ಹತ್ತು ದಾಟಿತ್ತು. ಹೆಣ ಹೊರಟಾಗ ಗುಂಪಿನಲ್ಲಿ ಹುಡುಗಿಯ ಅಪ್ಪ ಕಂಡ. ಜನರನ್ನು ಸರಿಸಿ ಅವನ ಹತ್ತಿರ ಹೋದೆ.

"ಮಗಳು ಹೋದಳಾ?" ಎಂದೆ.

"ಹೋಗ್ಯಾಳ ಸಾರ್. ಏಳಕ್ಕ ಬಂದು ಹಟ್ಟಿ ಮುಂದಿನ ಬೇವಿನ ಗಿಡದ ಕೆಳಗ ಬಸ್ಸಿಗೆ ಕುಂತಿದ್ಲು. ನಾವು ಅಡ್ಡದಾರೀಲಿ ಬರೋವಾಗ ಇನ್ನೂ ಬಸ್ಸು ಬಂದಿರಲಿಲ್ಲ. ನಮ್ಮ ಬಸ್ಸು ಗೊತ್ತಲ್ಲ, ಯಾವಾಗರ ಟೈಮಿಗೆ ಬಂದೈತೇನು?" ಎಂದು ನಕ್ಕ.

ಹೆಗಲು ಕೊಟ್ಟಿದ್ದವರನ್ನೆಲ್ಲ ದಾಟಿ ಸೈಕಲ್ ಅಂಗಡಿಗೆ ಓಡಿದೆ. ಸಾಬರು ಮೊಪೆಡ್ ತೆಗೆದರು. ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಹಳ್ಳಕ್ಕೆ ಹೋದೆವು. ಆಳುದ್ದ ಗುಂಡಿ, ಆಚೆ ದಂಡೆಯ ಹಸಿ ಮಣ್ಣಿನಲ್ಲಿ ಹೆಜ್ಜೆ. ಗುಂಡಿ ನೋಡಿದಾಗಲೇ ಅವಳಿಗೆ ಬಸ್ಸು ಬರುವುದಿಲ್ಲ ಎಂದು ತಿಳಿದಿರಬೇಕು. ಕೆಲಸದವರು, "ಒಂಬತ್ತರ ಮ್ಯಾಲ ಒಬ್ಬಾಕಿ ಇಳದು ಹತ್ತಿ ಓಡಿ ಹೋದ್ಲು" ಎಂದರು. ಮೊಪೆಡ್ ದಾಟುವ ಹಾಗಿರಲಿಲ್ಲ. ಸಾಬರು ಹಿಂದಕ್ಕೆ ತಿರುಗಿಸಿ ಕ್ರಾಸಿನ ಮೇಲೆ ಸುತ್ತುಹಾಕಿಕೊಂಡು ಕೊಟ್ಟೂರಿಗೆ ಹೋದರು. ನಾನು ಗುಂಡಿ ಇಳಿದು ಹತ್ತಿ ಸ್ವಲ್ಪ ದೂರ ಓಡಿದೆ, ಆಮೇಲೆ ನಡೆದೆ, ಆಮೇಲೆ ಜಲ್ಲಿಯ ಗುಡ್ಡೆಯ ಮೇಲೆ ಕೂತೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿಯೂ ಬರಲಿಲ್ಲ, ಬರೀ ಅಳು ಬಂತು.

ಅವಳು ಗೇಟು ಮುಟ್ಟಿದಾಗ ಹನ್ನೊಂದೂವರೆ. ಅರ್ಧ ಗಂಟೆಯ ಮೇಲೆ ತಡವಾದರೆ ಒಳಗೆ ಬಿಡುವಂತಿಲ್ಲ. ಅವರದೂ ನೇಮವೇ. ನೇಮ ಬಿಡದವರನ್ನು ಬೈಯಲು ನನಗೆ ಯಾವ ಬಾಯಿತ್ತು?

ಮಧ್ಯಾಹ್ನ ಎರಡಕ್ಕೆ ಸಾಬರು ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದರು. ಮಣ್ಣು ಮುಗಿದಿತ್ತು. ನಾನು ಸಾವಿನ ಸುದ್ದಿ ಅಳಿಸಿ, ಹಳ್ಳದ ದಾರಿ ಬಂದ್, ಬಸ್ಸು ಏಳೂವರೆಗೆ ಕ್ರಾಸಿನಲ್ಲಿ ಎಂದು ಬರೆದು ನಿಂತಿದ್ದೆ. ಯಾಕೆ ಬರೆದೆನೋ. ಕೈಗೆ ಬೇರೆ ಕೆಲಸ ತಿಳಿಯದು. ಅವಳ ಚಪ್ಪಲಿ ಕಿತ್ತುಹೋಗಿ ಕೈಯಲ್ಲಿತ್ತು, ಹಾಲ್ ಟಿಕೆಟ್ ಬೆವರಿಗೆ ಮೆತ್ತಗಾಗಿತ್ತು. ನಿಂತು ಬೋರ್ಡನ್ನು ಕೊನೆಯವರೆಗೆ ಓದಿದಳು.

"ನಿನ್ನಿ ಸಂಜಿಕ ಬಂದಿದ್ನಿ ಸಾರ್," ಎಂದಳು. "ದಾರಿದು ಏನರ ಇರತೈತಿ ಅಂತ ಎರಡು ಸಲ ಓದಿದ್ನಿ. ಅಜ್ಜಾರ ಹೆಸರಷ್ಟ ಇತ್ತು."

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ಸಾಬ್ರಣ್ಣಾ, ನಡಕೊಂಡ ಹೋಗತೀನಿ ಬಿಡ್ರಿ" ಎಂದು ಹಟ್ಟಿಯ ದಾರಿ ಹಿಡಿದಳು.

ಮರುದಿನ ಹಟ್ಟಿಗೆ ಹೋಗಿ ಅವಳ ಅಪ್ಪನ ಮುಂದೆ ಕೂತೆ. ತಪ್ಪು ನನ್ನದು, ಎರಡು ತಿಂಗಳು ಬಿಟ್ಟರೆ ಮತ್ತೆ ಪರೀಕ್ಷೆ ಇದೆ, ತಡಕೊಳ್ಳಿ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ನಿಮ್ಮದೇನ್ ತಪ್ಪೈತಿ ಸಾರ್. ದೊಡ್ಡೋರು ಸತ್ತ ದಿನ ನಿಮಗ ಹೆಂಗ ಬರಿಯಾಕ ಬರತೈತಿ? ಆಕೀ ಹಣ್ಯಾಗ ಇಲ್ಲ, ಅಷ್ಟ. ಎರಡು ತಿಂಗಳಾಗೋದ್ರಾಗ ಅಂಗನವಾಡಿಗೆ ಬ್ಯಾರೆದಾರು ಬಂದಿರತಾರ. ನಮ್ಮಕ್ಕಗ ಮಾತು ಕೊಟ್ಟೀನಿ." ನನ್ನ ಪದ್ಧತಿಯನ್ನು ನನಗಿಂತ ಹೆಚ್ಚು ಗೌರವಿಸುತ್ತಿದ್ದವನು ಅವನು. ಅವನ ಆ ಗೌರವ ನನ್ನನ್ನು ಸುಟ್ಟುಹಾಕಿತು.

ಒಂದು ತಿಂಗಳಲ್ಲಿ ಲಗ್ನವಾಯಿತು. ಬೋರ್ಡಿನಲ್ಲಿ ಬರೆಯಿರಿ ಎಂದು ಅಪ್ಪನೇ ಬಂದು ಹೇಳಿದ, ಬರೆದೆ. ನಾನು ಊಟಕ್ಕೆ ಹೋಗಲಿಲ್ಲ. ಅಂಗನವಾಡಿಗೆ ಬೇರೆ ಊರಿನ ಹೆಣ್ಣುಮಗಳು ಬಂದಳು, ವಾರಕ್ಕೆ ಮೂರು ದಿನ ಬರುತ್ತಿದ್ದಳು. ಹಟ್ಟಿಯಿಂದ ಬೋರ್ಡು ಓದಲು ಯಾರೂ ಬರದಂತಾಯಿತು. ಕರೆಂಟಿನ ಹೊತ್ತು, ಡಾಕ್ಟರ ದಿನ ಯಾವುದೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಮಳೆಗಾಲದಲ್ಲಿ ಊರಿನಲ್ಲಿ ಮತ್ತೊಂದು ಸಾವಾಯಿತು. ಅವತ್ತು ಬೋರ್ಡಿನಲ್ಲಿ ಹರಪನಹಳ್ಳಿ ರಸ್ತೆಗೆ ಡಾಂಬರು ಹಾಕುವ ಸುದ್ದಿ ಇತ್ತು. ನಾನು ಅದನ್ನು ಅಳಿಸಲಿಲ್ಲ. ಅದರ ಕೆಳಗೆ ಸತ್ತವಳ ಹೆಸರು, ಮಣ್ಣಿನ ಹೊತ್ತು ಬರೆದು, ಯಾರಾದರೂ ಜಗಳಕ್ಕೆ ಬರಲಿ ಎಂದು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಹೊಡೆದರೂ ಹೊಡೆಸಿಕೊಳ್ಳುವ ಹಾಗಿದ್ದೆ. ಜನ ಬಂದರು, ಓದಿದರು, ಹೋದರು. ಮಧ್ಯಾಹ್ನ ಸತ್ತವಳ ಮಗ ಬಂದ. ತಾಯಿಯ ಹೆಸರು ಓದಿ ಕಣ್ಣೊರೆಸಿಕೊಂಡ. ಮೇಲಿನದನ್ನೂ ಓದಿದ.

"ದಾರಿದೂ ಬರದೀರಲ್ಲ, ಚಲೋ ಆತು ಸಾರ್," ಎಂದ. "ನಮ್ಮ ಬೀಗರು ಆ ಕಡಿಂದ ಬರೋರು ಅದಾರ. ಯಾ ದಾರೀಲೆ ಬರ್ರಿ ಅಂತ ಹೇಳಲಿ?"

ನಾನು ಅವನಿಗೆ ದಾರಿ ಹೇಳಿದೆ.