ಚುಕ್ಕಿಯಮ್ಮ ಗುರುತು ಹಿಡಿದ ಜೇಡ

ಪ್ರಾಣಿ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಚಿತ್ರ ಬರೆದ ಆಕೆಯನ್ನು ಅಲ್ಲಿ ಎಲ್ಲರೂ ಚುಕ್ಕಿಯಮ್ಮ ಎಂದೇ ಕರೆಯುತ್ತಿದ್ದರು. ವಿಜ್ಞಾನಿಗಳ ಲೇಖನಗಳಿಗೆ ಜೇಡ, ಚೇಳುಗಳ ಚಿತ್ರ ಬೇಕಾಗುತ್ತಿತ್ತು. ಸ್ಪಿರಿಟ್ ಬಾಟಲಿಯಿಂದ ತೆಗೆದ ಸತ್ತ ಜೀವಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಪ್ಪು ಮಸಿಯಲ್ಲಿ ಚುಕ್ಕಿಯ ಪಕ್ಕಕ್ಕೆ ಚುಕ್ಕಿ ಇಡುತ್ತ ಅದರ ಒಂದೊಂದು ಕಾಲು, ಒಂದೊಂದು ರೋಮ ಬಿಡಿಸುವುದು ಆಕೆಯ ಕೆಲಸ. ಒಂದು ಜೇಡಕ್ಕೆ ಒಂಬತ್ತು ದಿನ ಹಿಡಿಯುತ್ತಿತ್ತು. ಕೊನೆಕೊನೆಗೆ ಒಳ್ಳೆಯ ಕ್ಯಾಮೆರಾಗಳು ಬಂದವು, ಚಿತ್ರ ಕೇಳುವವರು ಕಡಿಮೆಯಾದರು. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಇನ್ನಾದರೂ ನಿದ್ದೆ ಮಾಡಬಹುದು ಎಂದುಕೊಂಡಿದ್ದಳು. ಅಷ್ಟರಲ್ಲಿ ತಮ್ಮನ ಎರಡೂ ಮೂತ್ರಪಿಂಡ ಕೈಕೊಟ್ಟವು. ಅವನಿಗೆ ಹೆಂಡತಿ ಮಕ್ಕಳಿಲ್ಲ, ಅಕ್ಕನಿಗೂ ಅವನು ಬಿಟ್ಟರೆ ಯಾರಿಲ್ಲ. ವಾರಕ್ಕೆ ಮೂರು ಬೆಳಿಗ್ಗೆ ಡಯಾಲಿಸಿಸ್. ಒಳಗೆ ಅವನು ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತಿದ್ದ. ಹೊರಗೆ ಇವಳು ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಕೂರುತ್ತಿದ್ದಳು. ಕಣ್ಣಿನ ಆಪರೇಷನ್ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

ಅಂಥದ್ದೊಂದು ಬೆಳಿಗ್ಗೆ ಆಸ್ಪತ್ರೆಯ ಹಿತ್ತಲ ಕಡೆಯಿಂದ ಕಿರುಚಾಟ ಕೇಳಿಸಿತು. ಕಸ ಗುಡಿಸುವ ಹೆಂಗಸು ಪೊರಕೆ ಬಿಸಾಕಿ ದೂರ ನಿಂತಿದ್ದಳು. ಕಾವಲುಗಾರ ಕೋಲು ಎತ್ತಿದ್ದ. ನೀರಿನ ಪೈಪಿನ ಪಕ್ಕ, ಗೋಡೆಯ ಮೇಲೆ, ಅಂಗೈಯಗಲದ ರೋಮದ ಜೇಡವೊಂದು ಕಾಲು ಹರಡಿ ಕೂತಿತ್ತು.

"ಹೊಡೀಬೇಡಪ್ಪ, ತಡಿ."

"ದೂರ ಇರಿ ಅಮ್ಮಾ! ಇದು ಕಚ್ಚಿದ್ರೆ ಆಸ್ಪತ್ರೆ ಒಳಗೇ ಇದ್ರೂ ಉಳಿಯಲ್ಲ."

"ಕಚ್ಚಿದ್ರೆ ಚೆನ್ನಾಗಿ ನೋಯುತ್ತೆ, ಅಷ್ಟೇ. ಟರಾಂಟುಲಾ ಅಂತಾರೆ ಇದಕ್ಕೆ. ಅದರ ಪಾಡಿಗೆ ಅದು ಕೂತಿದೆಯಲ್ಲ."

ಹಾಗೆಂದಳೇ ಹೊರತು ಅವಳೂ ಒಂದು ಹೆಜ್ಜೆ ದೂರವೇ ನಿಂತಿದ್ದಳು. ಇಂಥವನ್ನು ನಲವತ್ತಕ್ಕೂ ಹೆಚ್ಚು ಬಿಡಿಸಿದ್ದಳು. ಜೀವಂತವಾಗಿ ಒಂದನ್ನೂ ಕಂಡಿರಲಿಲ್ಲ. ತಮ್ಮನ ಊಟದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಖಾಲಿ ಮಾಡಿ, ಜೇಡದ ಮೇಲೆ ಮೆಲ್ಲಗೆ ಕವುಚಿ, ಗೋಡೆಗುಂಟ ರಟ್ಟು ತೂರಿಸಿದಳು. ಕಾವಲುಗಾರ ಕಣ್ಣು ಮುಚ್ಚಿಕೊಂಡೇ ಮುಚ್ಚಳ ಕೊಟ್ಟ.

ಬೆಂಚಿಗೆ ಬಂದು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಗುರುತು ಸಿಗಲಿಲ್ಲ. ಈ ಮೈಬಣ್ಣದ್ದು ಯಾವ ಪುಸ್ತಕದಲ್ಲೂ ಇಲ್ಲ. ಜೇಡ ಡಬ್ಬಿಯ ಗೋಡೆ ಹತ್ತಿದಾಗ ಕಾಲುಗಳ ಅಡಿಭಾಗ ಕಾಣಿಸಿತು. ಮೊದಲ ಜೋಡಿ ಕಾಲಿನಲ್ಲಿ ಅಗಲವಾದ ತಿಳಿ ಪಟ್ಟಿ, ಅದರಾಚೆ ನಡುವೆ ತುಂಡಾದ ಕಪ್ಪು ಪಟ್ಟಿ. ಆ ತುಂಡಾದ ಪಟ್ಟಿಯನ್ನು ಅವಳ ಬೆರಳುಗಳು ಬಲ್ಲವು. ಹತ್ತೊಂಬತ್ತು ವರ್ಷದ ಹಿಂದೆ, ಅಂಥದ್ದೆಂದು ಸಂಗ್ರಹಾಲಯದಲ್ಲಿದ್ದ ಒಂದೇ ಒಂದು ಹಳೆಯ ಗಂಡು ಜೇಡವನ್ನು ಬಾಟಲಿಯಿಂದ ತೆಗೆದು ಒಂಬತ್ತು ದಿನ ಬಿಡಿಸಿದ್ದಳು. ಸ್ಪಿರಿಟ್‌ನಲ್ಲಿ ಅದರ ಬಣ್ಣವೆಲ್ಲ ಇಳಿದುಹೋಗಿತ್ತು. ಪುಸ್ತಕದಲ್ಲಿ 'ಮೈ ಕಂದು' ಎಂದು ಬರೆದರು.

ಆಗಿನ ಮೇಲಧಿಕಾರಿಗೆ ಫೋನು ಮಾಡಿದಳು. ಅವರೂ ನಿವೃತ್ತರು, ಆದರೂ ಈಗಲೂ ಸಂಗ್ರಹಾಲಯಕ್ಕೆ ಹೋಗಿ ಬರುವವರು.

"ಗಂಡೋ ಹೆಣ್ಣೋ?"

"ಗಂಡು ಸರ್. ಬಾಯಿ ಪಕ್ಕದ ಚಿಕ್ಕ ಕೈಗಳ ತುದಿ ಮೊಗ್ಗಿನ ಹಾಗೆ ಊದಿದೆ."

"ಆ ಮೊಗ್ಗಿನ ತುದೀಲಿರೋ ಮುಳ್ಳಿನ ಆಕಾರ ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾವ ಜಾತಿ ಅಂತ ಹೇಳೋಕಾಗಲ್ಲ. ನಿಮಗೆ ಗೊತ್ತಿಲ್ಲದ್ದಾ? ಸ್ಪಿರಿಟ್‌ಗೆ ಹಾಕಿ ತಂದ್ಬಿಡಿ."

"ಹಾಕಿದ್ರೆ ಬಣ್ಣ ಹೋಗುತ್ತೆ ಸರ್."

"ಬಣ್ಣ ಯಾರಿಗೆ ಬೇಕು ಚುಕ್ಕಿಯಮ್ಮ?"

ಆ ಮಾತಿಗೆ ಅವಳಿಗೆ ಸಿಟ್ಟು ಬರಬೇಕಿತ್ತು, ಸಿಟ್ಟು ಮಾಡಿಕೊಳ್ಳುವ ತ್ರಾಣ ಇರಲಿಲ್ಲ. ಬೆಳೆದ ಗಂಡು ಹೆಣ್ಣನ್ನು ಹುಡುಕುತ್ತ ಗೂಡು ಬಿಟ್ಟು ಅಲೆಯುತ್ತದೆ, ಹೆಚ್ಚು ದಿನ ಬಾಳುವುದಿಲ್ಲ. ಇದಕ್ಕೆ ಒಂದು ಕಾಲು ಆಗಲೇ ಇರಲಿಲ್ಲ. "ಅದು ತಾನಾಗಿ ಹೋದ ಮೇಲೆ ತರ್ತೀನಿ ಸರ್" ಎಂದು ಫೋನು ಇಟ್ಟಳು.

ಮನೆಗೆ ಹೋಗುವಾಗ ಆಟೋದಲ್ಲಿ ತಮ್ಮ ಅವಳ ಮಡಿಲಿನ ಡಬ್ಬಿ ನೋಡಿದ. ಡಯಾಲಿಸಿಸ್ ಆದ ದಿನ ಅವನಿಗೆ ಮಾತು ಬೇಕಾಗುತ್ತಿರಲಿಲ್ಲ, ಇವತ್ತು ಕೇಳಿದ.

"ಇದೇನಕ್ಕಾ, ನಾನೊಬ್ಬ ಸಾಲದಾ ನಿನಗೆ?"

ಒಡೆದ ಗಾಜಿನ ತೊಟ್ಟಿಯೊಂದಕ್ಕೆ ಟೇಪ್ ಹಚ್ಚಿ, ಮಣ್ಣು, ಮರದ ತೊಗಟೆ ಹಾಕಿ ಜೇಡವನ್ನು ಬಿಟ್ಟಳು. ಬಾಟಲಿಯ ಮುಚ್ಚಳದಲ್ಲಿ ನೀರಿಟ್ಟಳು. ತಮ್ಮನಿಗೂ ದಿನದ ನೀರು ಲೋಟದ ಲೆಕ್ಕ. ಮಂಚದ ಮೇಲಿಂದ ಅವನು, "ಇಬ್ಬರಿಗೂ ಅಳತೆ ಹಾಕೇ ಕೊಡ್ತೀಯ. ಅವನಿಗೆ ಮಾತ್ರ ಬೈಯಲ್ಲ" ಎಂದ.

ಮಾರನೆಯ ದಿನ ಪಕ್ಕದ ಮನೆಯಿಂದ ಬಣ್ಣದ ಡಬ್ಬಿ ಬೇಡಿ ತಂದು ಕೂತಳು. ಗೆರೆ ಸರಾಗವಾಗಿ ಬಂತು. ಬಣ್ಣಕ್ಕೆ ಬಂದಾಗ ಕೈ ನಿಂತಿತು. ಪೊರೆಯ ಕಣ್ಣಿಗೆ ಜಗತ್ತೆಲ್ಲ ಚಹಾ ಸುರಿದಂತೆ ಕಾಣುತ್ತಿತ್ತು. ಗೋಡೆಯ ಮೇಲೆ ಕಂಡಿದ್ದು ನೀಲಿಯೋ ಬೂದಿಯೋ, ಈಗ ಆಣೆ ಮಾಡಿ ಹೇಳಲಾರಳು.

"ಬೂದಿ ಅಂತ ಹಾಕ್ಲಾ?" ಎಂದು ತನಗೆ ತಾನೇ ಗೊಣಗಿಕೊಂಡಳು.

"ಬೂದಿ ಎಲ್ಲಿ ಬಂತು?" ತಮ್ಮ ಎದ್ದು ಕೂತ. ಅವನು ಇಪ್ಪತ್ತೆರಡು ವರ್ಷ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸಿದವನು. ಗೋಡೆಯ ಒಂದು ಚಕ್ಕೆ ತಂದುಕೊಟ್ಟರೆ ಅದೇ ಬಣ್ಣ ಕಲಸಿ ಕೊಡುತ್ತಿದ್ದ. "ಸ್ಲೇಟಿನ ಬಣ್ಣಕ್ಕೆ ಒಂದು ಹನಿ ನೀಲಿ, ಆಮೇಲೆ ಅರ್ಧ ಹನಿ. ಬೆಳಕು ಬಿದ್ದಲ್ಲಿ ಇನ್ನೊಂದು ಹನಿ. ಕಾಲಿನ ಪಟ್ಟಿ ಬರೀ ಹಳದಿ ಅಲ್ಲ, ಹಳೇ ಬೆಣ್ಣೆ."

ಹೀಗೆ ಶುರುವಾಯಿತು. ಅವನು ಹೇಳುವುದು, ಇವಳು ಬಳಿಯುವುದು. ದಿನಕ್ಕೆ ಅರ್ಧ ತಾಸು, ಅದಕ್ಕಿಂತ ಹೆಚ್ಚು ಇಬ್ಬರಿಗೂ ಆಗುತ್ತಿರಲಿಲ್ಲ. ಜೇಡ ಹಗಲೆಲ್ಲ ತೊಗಟೆಯ ಕೆಳಗೆ, ಸಂಜೆಯಾದರೆ ಹೊರಗೆ. ಜಿರಳೆ ಹಿಡಿದು ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ. ಐದು ವಾರದಲ್ಲಿ ಒಂದೇ ಒಂದು ತಿಂದಿತು.

ಮೂರನೆಯ ವಾರ ತಮ್ಮನಿಗೆ ಯಂತ್ರದಲ್ಲಿದ್ದಾಗಲೇ ಕಾಲು ಸೆಳೆತ ಬಂದು, ಬಿಪಿ ಇಳಿದು, ಅರ್ಧಕ್ಕೇ ನಿಲ್ಲಿಸಿದರು. ಮನೆಗೆ ಬಂದವನು ಗೋಡೆಯ ಕಡೆ ತಿರುಗಿ ಮಲಗಿದ. "ನಿನ್ನ ಜೇಡಾನೂ ಬೇಡ, ಬಣ್ಣಾನೂ ಬೇಡ. ನನ್ನನ್ನ ಬಿಟ್ಬಿಡು." ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಸ್ವಲ್ಪ ಹೊತ್ತು ಅತ್ತಳು. ಎರಡು ದಿನ ಕುಂಚ ಮುಟ್ಟಲಿಲ್ಲ. ಮೂರನೆಯ ಸಂಜೆ ಬೆನ್ನ ಹಿಂದಿನಿಂದ, "ಆ ಮೂರನೇ ಕಾಲಿನ ಗಂಟು ತಪ್ಪು ಬಳಿದಿದ್ದೀಯ. ಕಪ್ಪು ಜಾಸ್ತಿ ಆಯ್ತು" ಎಂಬ ದನಿ ಬಂತು. ಅವಳು ಕುಂಚ ತೊಳೆದು ಕೂತಳು.

ಚಿತ್ರ ಮುಗಿದ ಆರನೆಯ ದಿನ ಜೇಡ ಕಾಲುಗಳನ್ನು ಒಳಕ್ಕೆ ಮಡಚಿಕೊಂಡು ನೀರಿನ ಮುಚ್ಚಳದ ಪಕ್ಕ ಬಿದ್ದಿತ್ತು. ತಮ್ಮನೇ ಮೊದಲು ನೋಡಿದ್ದು. "ಹೋದ ಕಣಕ್ಕಾ" ಎಂದ, ಅಷ್ಟೇ.

ಜೇಡವನ್ನು ಸ್ಪಿರಿಟ್ ಬಾಟಲಿಗೆ ಹಾಕಿ, ಅದನ್ನೂ ಚಿತ್ರವನ್ನೂ ಹಿಡಿದು ಎರಡು ಬಸ್ಸು ಬದಲಿಸಿ ಸಂಗ್ರಹಾಲಯಕ್ಕೆ ಹೋದಳು. ಹೊಸ ಅಧಿಕಾರಿ ಚಿಕ್ಕ ವಯಸ್ಸಿನಾಕೆ. ಮೊಗ್ಗನ್ನು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಹಳೆಯ ಪುಸ್ತಕ ತೆಗೆದು ಅದರಲ್ಲಿದ್ದ ಚುಕ್ಕಿಯಮ್ಮನದೇ ಚಿತ್ರಕ್ಕೆ ಹೋಲಿಸಿದಳು. ಮುಳ್ಳು ಅದೇ ಬಾಗು, ಅದೇ ಮೊನೆ.

"ಅದೇ ಜಾತಿ ಮೇಡಂ. ಈ ಊರಲ್ಲಿ ಇನ್ನೂ ಇದೆ ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ." ಆಮೇಲೆ ಬಣ್ಣದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಈ ಬಣ್ಣ ನೀವೇ ನೋಡಿ ಹಾಕಿದ್ದಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. "ಇಲ್ಲಮ್ಮ. ನನ್ನ ಕಣ್ಣಿಗೆ ಬಣ್ಣ ಸರಿಯಾಗಿ ಕಾಣಲ್ಲ. ನನ್ನ ತಮ್ಮ ಹೇಳಿದ್ದು. ಪೇಂಟ್ ಅಂಗಡೀಲಿ ಬಣ್ಣ ಬೆರೆಸಿದವನು, ಅವನ ಮಾತು ನಂಬಬಹುದು."

ಅಧಿಕಾರಿ ದಾಖಲೆ ಪುಸ್ತಕದಲ್ಲಿ 'ಜೀವಂತವಿದ್ದಾಗ ಮೈ ನೀಲಿ ಬೆರೆತ ಸ್ಲೇಟು ಬಣ್ಣ' ಎಂದು ಬರೆದು, ಗುರುತಿಸಿದವರ ಸಾಲಿನಲ್ಲಿ ಅಕ್ಕ ತಮ್ಮ ಇಬ್ಬರನ್ನೂ ಸೇರಿಸಿದಳು. ಹಳೆಯ ಮೇಲಧಿಕಾರಿ ಮೇಲಿನ ಮಹಡಿಯಲ್ಲೇ ಇದ್ದರಂತೆ. ನೋಡಿ ಬರಲು ಅವಳಿಗೆ ಮನಸ್ಸಾಗಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತುವುದೂ ಬೇಡವಾಗಿತ್ತು.

ತಮ್ಮನಿಗೆ ಹೇಳಿದಾಗ ಅವನು ಪೂರ್ತಿ ಕೇಳಿ, "ಸ್ಲೇಟು ಅಂತ ಬರೆದ್ರಾ? ಸದ್ಯ" ಎಂದು ಮಗ್ಗುಲು ಬದಲಿಸಿದ. ಮರುದಿನ ಬೆಳಿಗ್ಗೆ ಮತ್ತೆ ಆಸ್ಪತ್ರೆ. ಅವನನ್ನು ಒಳಗೆ ಬಿಟ್ಟು, ಚಪ್ಪಲಿ ಕಳಚಿ ಬೆಂಚಿನ ಕೆಳಗಿಟ್ಟು, ಚುಕ್ಕಿಯಮ್ಮ ಕೂತಲ್ಲೇ ಎಷ್ಟು ಗಾಢವಾಗಿ ನಿದ್ದೆ ಹೋದಳೆಂದರೆ, ನಾಲ್ಕು ತಾಸಾದ ಮೇಲೆ ನರ್ಸು ಬಂದು ಭುಜ ಅಲುಗಾಡಿಸಬೇಕಾಯಿತು.